ಸುದ್ದಿಯನ್ನು ನಾನೇ ತರಿಸಿಕೊಳ್ಳಲು ಹೊರಟಾಗ

2013ರ ಜುಲೈ 1ರಂದು ಹಲವು ಜಾಲತಾಣಗಳ ಹೊಸ ಬರಹಗಳನ್ನು ಒಂದೆಡೆ ತೋರಿಸುತ್ತಿದ್ದ ಗೂಗಲ್ ರೀಡರ್ ಬಾಗಿಲು ಹಾಕಿದಾಗ ನಾನು ಅಷ್ಟೇನೂ ತಲೆ ಕೆಡಿಸಿಕೊಂಡಿರಲಿಲ್ಲ. ಸುದ್ದಿಗೇನು ಬರ, ಎಲ್ಲಿಂದಲಾದರೂ ಬರುತ್ತದೆ ಎಂದುಕೊಂಡಿದ್ದೆ. ಬಂತು ಕೂಡ. ಆದರೆ ಏನು ಬರಬೇಕೆಂಬುದು ನನ್ನ ಕೈಯಲ್ಲಿ ಉಳಿಯಲಿಲ್ಲ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಹೊಸ ಆವೃತ್ತಿಯ ಸುದ್ದಿ ನಾಲ್ಕು ದಿನ ತಡವಾಗಿ ಕಣ್ಣಿಗೆ ಬೀಳುತ್ತಿತ್ತು. ಇನ್ನೂ ಮಾರುಕಟ್ಟೆಗೆ ಬಾರದ ಫೋನಿನ ಬಣ್ಣ ಯಾವುದೆಂಬ ವದಂತಿ ಮಾತ್ರ ದಿನಕ್ಕೆ ಮೂರು ಸಲ ಎದುರಾಗುತ್ತಿತ್ತು. ಹೀಗೆ ವರ್ಷಗಟ್ಟಲೆ ಬಡಿಸಿದ್ದನ್ನು ಉಂಡು ಬೇಸತ್ತ ಮೇಲೆ, ಒಂದು ಶನಿವಾರ ಕುಳಿತು ನನ್ನದೇ ಸುದ್ದಿ ಸಂಗ್ರಾಹಕವನ್ನು ಬರೆಯತೊಡಗಿದೆ.

ಜಾಲತಾಣದ ಹೊಸ ಬರಹಗಳ ಪಟ್ಟಿಯನ್ನು ಯಂತ್ರ ಓದುವಂತೆ ಕೊಡುವ ಆರ್‌ಎಸ್‌ಎಸ್ ಸತ್ತುಹೋಯಿತು ಎನ್ನುವವರು ಅನೇಕರಿದ್ದಾರೆ. 1999ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನಲ್ಲಿ ಹುಟ್ಟಿದ ಈ ಪದ್ಧತಿ ಇಂದಿಗೂ ಅಸಂಖ್ಯ ಜಾಲತಾಣಗಳ ಹಿತ್ತಿಲಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿದೆ. ಮುಖಪುಟದಲ್ಲಿ ಕಿತ್ತಳೆ ಬಣ್ಣದ ಚಿಹ್ನೆ ಕಾಣದಿದ್ದರೆ ಪುಟದ ಮೂಲ ಸಂಕೇತವನ್ನು ತೆರೆದು ‘ಆರ್‌ಎಸ್‌ಎಸ್’ ಅಥವಾ ಅದರಂಥದ್ದೇ ಇನ್ನೊಂದು ಪದ್ಧತಿಯಾದ ‘ಆಟಮ್’ ಎಂದು ಹುಡುಕಿ. ಎಷ್ಟೋ ಸಲ ಫೀಡ್ ಎಂದು ಕರೆಯುವ ಆ ಪಟ್ಟಿಯ ವಿಳಾಸ ಅಲ್ಲೇ ಸಿಗುತ್ತದೆ. ನಾನು ಮೊದಲ ದಿನವೇ ಮೂವತ್ತಕ್ಕೂ ಹೆಚ್ಚು ವಿಳಾಸಗಳನ್ನು ಹೀಗೆ ಹೆಕ್ಕಿದೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಐವತ್ತು ಸಾಲಿನ ಒಂದು ಸ್ಕ್ರಿಪ್ಟ್, ಸಂಗ್ರಹಕ್ಕೆ ಎಸ್‌ಕ್ಯೂಲೈಟ್, ಹೊತ್ತುಹೊತ್ತಿಗೆ ಎಬ್ಬಿಸಲು ಕ್ರಾನ್. ಸಂಜೆಗೆಲ್ಲ ಸುದ್ದಿ ಬರತೊಡಗಿತು. ಹುಮ್ಮಸ್ಸಿನಲ್ಲಿ ಐದು ನಿಮಿಷಕ್ಕೊಮ್ಮೆ ಓಡುವಂತೆ ಹೊಂದಿಸಿ ಮಲಗಿದೆ. ಬೆಳಿಗ್ಗೆ ನಡೆದದ್ದನ್ನೆಲ್ಲ ದಾಖಲಿಸುವ ಲಾಗ್ ತೆರೆದರೆ ಒಂದು ತಾಣದ ಎದುರು ಸಾಲುಸಾಲಾಗಿ 429. ‘ಅತಿಯಾಗಿ ಕೇಳುತ್ತಿದ್ದೀಯ’ ಎಂದು ಸರ್ವರ್ ಹೇಳುವ ಸಂಕೇತ ಅದು. ನನಗೆ ಸಿಟ್ಟು ಬಂತು. ಲೆಕ್ಕ ಹಾಕಿದ ಮೇಲೆ ನಾಚಿಕೆಯಾಯಿತು. ದಿನಕ್ಕೆ ಎರಡೋ ಮೂರೋ ಬರಹ ಪ್ರಕಟಿಸುವ ತಾಣದ ಇಡೀ ಕಡತವನ್ನು ನಾನು ದಿನಕ್ಕೆ 288 ಸಲ ಇಳಿಸಿಕೊಳ್ಳಲು ಹೊರಟಿದ್ದೆ.

ಇದಕ್ಕೆ ಮದ್ದು ಸರ್ವರ್ ಜೊತೆ ಮಾತಾಡುವ ನಿಯಮಗಳಾದ ಎಚ್‌ಟಿಟಿಪಿಯಲ್ಲೇ ಇದೆ. ಕಡತದ ಜೊತೆ ಸರ್ವರ್ ‘ಇಟ್ಯಾಗ್’ ಎಂಬ ಗುರುತನ್ನೋ ಕೊನೆಯ ಬಾರಿ ಬದಲಾದ ಸಮಯವನ್ನೋ ಕಳಿಸುತ್ತದೆ. ಅದನ್ನು ಜೋಪಾನವಾಗಿಟ್ಟುಕೊಂಡು ಮುಂದಿನ ಸಲ ‘ಇದಕ್ಕಿಂತ ಹೊಸದಿದ್ದರೆ ಮಾತ್ರ ಕೊಡು’ ಎಂದು ಕೇಳಬೇಕು. ಹೊಸದೇನೂ ಇಲ್ಲದಿದ್ದರೆ 304 ಎಂಬ ಉತ್ತರ ಬರುತ್ತದೆ, ಕಡತದ ಒಡಲು ಬರುವುದೇ ಇಲ್ಲ. ನಾನು ಸೇರಿಸಬೇಕಾದದ್ದು ಏಳು ಸಾಲು. ಜೊತೆಗೆ ಅವಧಿಯನ್ನು ಒಂದು ಗಂಟೆಗೆ ಏರಿಸಿದೆ. ಈಗ ಲಾಗ್‌ನಲ್ಲಿ ಹೆಚ್ಚಾಗಿ ಕಾಣುವುದು 304. ನೋಡಿದರೆ ಏನೋ ಸಮಾಧಾನ.

ನಿಜವಾಗಿ ಕಾಡಿದ್ದು ಕನ್ನಡ. ಕನ್ನಡದ ಎರಡು ಮೂರು ತಾಣಗಳನ್ನೂ ಪಟ್ಟಿಗೆ ಸೇರಿಸಿದ್ದೆ. ಒಂದರ ಶೀರ್ಷಿಕೆಗಳು ಪೂರ್ತಿ ಕಲಸುಮೇಲೋಗರವಾಗಿ ಬಂದವು: ತಲೆಯ ಮೇಲೆ ಓರೆ ಗೀಟು ಹೊತ್ತ ಇಂಗ್ಲಿಷಿನ ಸಣ್ಣ ‘ಎ’ (a), ಅದರ ಹೆಗಲಿಗೆ ವರ್ಗದ ಚಿಹ್ನೆಯಂಥ ಪುಟ್ಟ 2, ಅಲ್ಲಲ್ಲಿ ಘನದ 3. ಈ ಚಿತ್ತಾರವನ್ನು ಹಿಂದೆಯೂ ಕಂಡವರಿಗೆ ಥಟ್ಟನೆ ಹೊಳೆದಿರುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್; ಹದಿನಾರರ ಎಣಿಕೆಯಲ್ಲಿ ಬರೆದರೆ ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಅವನ್ನು ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಇದ್ದ ಹಳೆಯ ಪದ್ಧತಿ ಲ್ಯಾಟಿನ್-1 ಎಂದು ಓದಿದರೆ ಗೀಟಿನ ‘ಎ’, 2 ಮತ್ತು 3 ಕಾಣಿಸದೆ ಇನ್ನೇನು? ಸರ್ವರ್ ತನ್ನ ಶಿರೋಲೇಖದಲ್ಲಿ ಅಕ್ಷರ ಸಂಕೇತ ಯಾವುದೆಂದು ತಿಳಿಸಿರಲಿಲ್ಲ. ಹಾಗಾಗಿ ಜಾಲತಾಣದಿಂದ ಕಡತ ತರಲು ಬಳಸಿದ್ದ ಪೈಥಾನ್‌ನ ‘ರಿಕ್ವೆಸ್ಟ್ಸ್’ ಲೈಬ್ರರಿ ಹಳೆಯ ನಿಯಮದಂತೆ ಲ್ಯಾಟಿನ್-1 ಎಂದು ಊಹಿಸಿ, ಪಠ್ಯವನ್ನು ಬಿಡಿಸಿ ನನ್ನ ಕೈಗಿತ್ತಿತ್ತು. ಕಡತದ ಮೊದಲ ಸಾಲಿನಲ್ಲೇ ಯುಟಿಎಫ್-8 ಎಂದು ಬರೆದಿದ್ದರೂ ಅದನ್ನು ನೋಡುವವರಿರಲಿಲ್ಲ. ಪಠ್ಯದ ಬದಲು ಹಸಿ ಬೈಟ್‌ಗಳನ್ನೇ ಫೀಡನ್ನು ಬಿಡಿಸಿ ಓದುವ ಪಾರ್ಸರ್‌ಗೆ ಕೊಟ್ಟೆ. ಅದು ಮೊದಲ ಸಾಲನ್ನು ಓದಿಕೊಂಡಿತು, ಅಕ್ಷರಗಳು ನೆಟ್ಟಗಾದವು.

ಆಮೇಲೆ ಇನ್ನೊಂದು. ಉದ್ದದ ಶೀರ್ಷಿಕೆಗಳನ್ನು 60 ಸಂಕೇತಗಳಿಗೆ ಕತ್ತರಿಸುತ್ತಿದ್ದೆ. ಒಂದು ದಿನ ಪಟ್ಟಿಯಲ್ಲಿ ಒಂದು ಶೀರ್ಷಿಕೆಯ ಕೊನೆ ‘... ಹೊಸ ತಂತ್’ ಎಂದು ನಿಂತಿತ್ತು. ‘ತಂತ್ರಾಂಶ’ ನಮ್ಮ ಕಣ್ಣಿಗೆ ಮೂರೇ ಅಕ್ಷರ: ತಂ, ತ್ರಾಂ, ಶ. ಯುನಿಕೋಡ್‌ಗೆ ಅದು ಎಂಟು ಸಂಕೇತ, ಡಿಸ್ಕ್‌ನಲ್ಲಿ 24 ಬೈಟ್. ಪೈಥಾನ್ ಎಣಿಸುವುದು ಸಂಕೇತಗಳನ್ನು. ಒತ್ತಕ್ಷರದ ನಡುವೆ ಕತ್ತಿ ಇಳಿದರೂ ಅದಕ್ಕೆ ನೋವಿಲ್ಲ. ಅಕ್ಷರಗುಚ್ಛಗಳನ್ನು ಗುರುತಿಸುವ ಲೈಬ್ರರಿಗಳಿವೆ ಎಂದು ಗೊತ್ತಿತ್ತು. ಆದರೆ ಸೋಮಾರಿತನ ಗೆದ್ದಿತು: 60ರ ಹಿಂದಿನ ಖಾಲಿ ಜಾಗವನ್ನು ಹುಡುಕಿ ಅಲ್ಲಿಗೇ ಕತ್ತರಿಸುತ್ತೇನೆ. ಪದ ಇಡಿಯಾಗಿ ಉಳಿಯುತ್ತದೆ, ನನಗೂ ಅಷ್ಟೇ ಸಾಕು.

ಇಷ್ಟೆಲ್ಲ ಪಾಡುಪಟ್ಟದ್ದು ಸಾರ್ಥಕ ಎನಿಸಿದ್ದು 2024ರ ಮಾರ್ಚ್ 29ರಂದು. ಅಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದಲ್ಲಿ ಕಳ್ಳತನದಲ್ಲಿ ಒಳನುಗ್ಗಲು ಹಿಂಬಾಗಿಲೊಂದು ಅಡಗಿರುವುದನ್ನು ಬಯಲಿಗೆಳೆದರು. ದೂರದ ಕಂಪ್ಯೂಟರನ್ನು ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನಟ್ಟಿ ಹೋದದ್ದಕ್ಕೆ ಸಿಕ್ಕಿದ್ದು ಅದು. ನನ್ನ ಪಟ್ಟಿಯಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನ ಭದ್ರತಾ ಪ್ರಕಟಣೆಗಳ ಫೀಡ್ ಇತ್ತು. ಅದರಲ್ಲಿ ನೇರವಾಗಿ ವಿಷಯ: ದೋಷವಿರುವುದು 5.5.1ರ ಆಲ್ಫಾದಿಂದ 5.6.1ರವರೆಗಿನ ಪ್ಯಾಕೇಜುಗಳಲ್ಲಿ, ಡೆಬಿಯನ್‌ನ ಸ್ಥಿರ ಆವೃತ್ತಿಗೆ ಬಾಧೆಯಿಲ್ಲ. ನನ್ನ ಸರ್ವರ್‌ನಲ್ಲಿ ಆವೃತ್ತಿ ಪರೀಕ್ಷಿಸಲು ಒಂದು ಆದೇಶ ಸಾಕಾಯಿತು: 5.4.1. ಗಾಬರಿಗೆ ಎಡೆಯೇ ಇರಲಿಲ್ಲ. ಪರಿಚಿತರು ಮಾರನೆಯ ದಿನ ‘ಲಿನಕ್ಸ್ ಎಲ್ಲ ಹೋಯಿತಂತೆ’ ಎಂದು ಕೇಳಿದಾಗ ಆವೃತ್ತಿ ಸಂಖ್ಯೆಯನ್ನೇ ಹೇಳಿದೆ.

ಅಂದಿನಿಂದ ಪಟ್ಟಿಯನ್ನೂ ಬದಲಿಸಿದೆ. ಸುದ್ದಿಯ ಬಗೆಗಿನ ಸುದ್ದಿ ಕೊಡುವ ತಾಣಗಳನ್ನು ಒಂದೊಂದಾಗಿ ತೆಗೆದು, ನಾನು ಬಳಸುವ ತಂತ್ರಾಂಶಗಳ ಬಿಡುಗಡೆ ಟಿಪ್ಪಣಿಗಳನ್ನೇ ಸೇರಿಸುತ್ತ ಬಂದೆ. ಓದಲು ಒಣಕಲು, ನಿಜ. ಆದರೆ ಬೆಳಗಿನ ಓದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ತೊಂದರೆ ತೀರಿತೆಂದಲ್ಲ. ಒಂದು ತಾಣ ತನ್ನ ಬರಹವೊಂದಕ್ಕೆ ಮುಂದಿನ ವರ್ಷದ ದಿನಾಂಕ ಹಾಕಿಬಿಟ್ಟಿತ್ತು. ಅದು ವಾರಗಟ್ಟಲೆ ನನ್ನ ಪಟ್ಟಿಯ ನೆತ್ತಿಯ ಮೇಲೆ ಕುಳಿತಿತ್ತು. ಈಗ ತಾಣ ಹೇಳುವ ದಿನಾಂಕವನ್ನು ನಂಬುವುದಿಲ್ಲ, ನನ್ನ ಯಂತ್ರಕ್ಕೆ ಸುದ್ದಿ ತಲುಪಿದ ಹೊತ್ತನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ. ಇನ್ನು ಬಾಲಂಗೋಚಿ ಬದಲಾದ ವಿಳಾಸಗಳಿಂದ ಒಂದೇ ಬರಹ ಎರಡು ಸಲ ಬರುವುದನ್ನು ತಡೆಯಬೇಕು. ಅದು ಈ ಶನಿವಾರದ ಕೆಲಸ.