ಗೇಮಿಂಗ್ ಪಿಸಿ ಅಪ್‌ಗ್ರೇಡ್: ಹಳೇ ಪ್ರೊಸೆಸರ್ ಸಾಕಾ, ಹೊಸದೇ ಬೇಕಾ?

ಎಎಂಡಿಯ ರೈಜನ್ 5 2600 ಅಥವಾ 3600 ಪ್ರೊಸೆಸರ್, ಅದು ಕೂರುವ ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್. 2018ರಿಂದ 2020ರ ನಡುವೆ ಕಟ್ಟಿಸಿದ ಎಷ್ಟೋ ಗೇಮಿಂಗ್ ಪಿಸಿಗಳ ಒಳಗೆ ಇರುವುದು ಇದೇ. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಒಂದು ಬದಲಾಗಿರಬಹುದು, ಅಷ್ಟೇ. ಈಗ ಹೊಸ ಗೇಮ್‌ಗಳು ತಡವರಿಸುತ್ತಿವೆ. ಅದೇ ಬೋರ್ಡಿಗೆ ಕೂರುವ ಹಳೇ ತಲೆಮಾರಿನ ಒಳ್ಳೆ ಪ್ರೊಸೆಸರ್ ಹಾಕುವುದಾ, ಇಲ್ಲ ಬೋರ್ಡು, ರ‍್ಯಾಮು ಎಲ್ಲಾ ಬಿಸಾಕಿ ಹೊಸದಕ್ಕೆ ಹೋಗುವುದಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೋರ್ಡು, ರ‍್ಯಾಮು ಈಗಾಗಲೇ ಕೈಯಲ್ಲಿದ್ದರೆ ಹಳೇದನ್ನೇ ಹಾಕಿ. ಹೇಗಿದ್ದರೂ ಬೋರ್ಡ್ ಕೊಳ್ಳಲೇಬೇಕು ಅಂತಿದ್ದರೆ ಹೊಸದಕ್ಕೆ ಹೋಗಿ. ಪ್ರೊಸೆಸರ್ ಯಾವ ವರ್ಷದ್ದು ಅನ್ನುವುದಕ್ಕಿಂತ ಅದರ ಹಿಂದೆ ಇನ್ನೇನೇನು ಕೊಳ್ಳಬೇಕಾಗುತ್ತದೆ ಅನ್ನುವುದೇ ದೊಡ್ಡ ಲೆಕ್ಕ.

ಮೊದಲು ತಪ್ಪು ಯಾರದ್ದು ನೋಡಿ

ದುಡ್ಡು ಕೊಡುವ ಮುಂಚೆ ಒಂದು ಸಂಜೆ ಇದಕ್ಕೆ ಇಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಳ್ಳಿ, ಉಚಿತ. ಅದರ ಜೊತೆ ಬರುವ ರಿವಾಟ್ಯೂನರ್ ಗೇಮ್ ಆಡುವಾಗಲೇ ಪರದೆಯ ಮೂಲೆಯಲ್ಲಿ ಎಲ್ಲಾ ಲೆಕ್ಕ ತೋರಿಸುತ್ತದೆ. ಎಫ್‌ಪಿಎಸ್ ಅಂದರೆ ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳ ಲೆಕ್ಕ. ಅದನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್, ಎಫ್‌ಪಿಎಸ್ ಮಿತಿ ಎರಡನ್ನೂ ಆಫ್ ಮಾಡಿ. ಗೇಮ್ ಎಲ್ಲಿ ತಡವರಿಸುತ್ತದೋ ಅಲ್ಲಿಗೇ ಹೋಗಿ ನೋಡಿ, ಜನ ಗಿಜಿಗುಡುವ ಊರು, ದೊಡ್ಡ ಗುಂಪಿನ ಕಾದಾಟ, ಅಂಥ ಕಡೆ. ಖಾಲಿ ಬಯಲಿನಲ್ಲಿ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇ. 95ರ ಮೇಲೇ ಇದ್ದರೆ ಅಡ್ಡಿಯಾಗಿರುವುದು ಕಾರ್ಡ್. ಆಗ ಎಂಥಾ ಪ್ರೊಸೆಸರ್ ಹಾಕಿದರೂ ಸಿಗುವುದು ಅಲ್ಪ. ಬಳಕೆ 60–70ರಲ್ಲಿ ಓಲಾಡುತ್ತಾ ಎಫ್‌ಪಿಎಸ್ ಕೂಡ ಕಡಿಮೆ ಇದ್ದರೆ, ಪ್ರೊಸೆಸರ್ ಕೆಲಸ ಮುಗಿಸಿ ಕೊಡಲಿ ಅಂತ ಕಾರ್ಡ್ ಸುಮ್ನೆ ಕಾಯುತ್ತಿದೆ ಅಂತ ಅರ್ಥ. ಅನುಮಾನ ಇದ್ದರೆ ರೆಸಲ್ಯೂಷನ್ ಅನ್ನು 720ಪಿಗೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಎಫ್‌ಪಿಎಸ್ ಏರಲೇ ಇಲ್ಲವಾ? ಹಾಗಾದರೆ ಪ್ರೊಸೆಸರ್‌ ಕಡೆಯದ್ದೇ ತೊಂದರೆ.

ಇಲ್ಲಿ ಜಾಸ್ತಿ ಜನ ದಾರಿ ತಪ್ಪುವ ಒಂದು ಜಾಗ ಇದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಶೇ. 40 ಅಂತ ಕಂಡ ಕೂಡಲೇ ಪ್ರೊಸೆಸರ್‌ಗೆ ಇನ್ನೂ ಬೇಕಾದಷ್ಟು ಶಕ್ತಿ ಉಳಿದಿದೆ ಅಂದುಕೊಳ್ಳುತ್ತಾರೆ. ಆ ಅಂಕಿ ಎಲ್ಲಾ ಕೋರ್‌ಗಳ, ಅಂದರೆ ಪ್ರೊಸೆಸರ್ ಒಳಗೆ ಬೇರೆ ಬೇರೆಯಾಗಿ ಕೆಲಸ ಮಾಡುವ ಘಟಕಗಳ, ಸರಾಸರಿ. ಗೇಮ್‌ನ ಮುಖ್ಯ ಕೆಲಸ ಒಂದೆರಡು ಕೋರ್ ಮೇಲೇ ಬಿದ್ದಿರುತ್ತದೆ, ಅವು ಪೂರ್ತಿ ಸುಸ್ತಾಗಿದ್ದರೂ ಉಳಿದವು ಖಾಲಿ ಕೂತಿರುವುದರಿಂದ ಸರಾಸರಿ ಕಡಿಮೆ ಕಾಣುತ್ತದೆ.

ಹಾಗೇ ಇನ್ನೆರಡು ವಿಷಯ ನೋಡಿಬಿಡಿ. ರ‍್ಯಾಮ್ ಒಂದೇ ಕಡ್ಡಿ ಇದೆಯಾ? ಇನ್ನೊಂದು ಹಾಕಿ ಡ್ಯುಯಲ್ ಚಾನೆಲ್ ಮಾಡಿದರೆ ಪ್ರೊಸೆಸರ್ ಬದಲಾಯಿಸದೆಯೇ ಗೇಮ್ ಎಷ್ಟೋ ನಯವಾಗಬಹುದು. ಬಿಸಿ ಜಾಸ್ತಿಯಾಗಿ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತಿದೆಯಾ? ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ 40 ಡಿಗ್ರಿಯ ಬಿಸಿಲಿಗೆ, ಧೂಳು ತುಂಬಿದ ಕೂಲರ್ ಇಟ್ಟುಕೊಂಡು ಪ್ರೊಸೆಸರ್‌ಗೆ ಬೈದರೆ ಅದೇನು ಮಾಡೀತು. ಧೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಾಯಿಸಿ, ಆಮೇಲೆ ಮತ್ತೆ ಅಳೆಯಿರಿ.

ಮಾನಿಟರ್ 60 ಹರ್ಟ್ಸ್‌ದಾ? ನಿಮಗೆ ಆಗಲೇ ಗಟ್ಟಿಯಾಗಿ 60 ಎಫ್‌ಪಿಎಸ್ ಸಿಗುತ್ತಿದ್ದರೆ ಹೊಸ ಪ್ರೊಸೆಸರ್‌ನ ದುಡ್ಡು ಬಹುಮಟ್ಟಿಗೆ ಕಣ್ಣಿಗೇ ಕಾಣುವುದಿಲ್ಲ.

ಎಎಂ4 ಬೋರ್ಡ್ ಇರುವವರಿಗೆ

ಎಎಂ4 ಅನ್ನುವುದು ಬಿ450ಯಂಥ ಬೋರ್ಡುಗಳಲ್ಲಿ ಪ್ರೊಸೆಸರ್ ಕೂರುವ ಸಾಕೆಟ್‌ನ ಹೆಸರು. ಅದು ಇದ್ದರೆ ನೀವು ಅದೃಷ್ಟವಂತರು, ನಿಜವಾಗಿ. ಈ ಸಾಕೆಟ್‌ಗೆ ಮೊದಲ ರೈಜನ್ ಬಂದದ್ದು 2017ರಲ್ಲಿ. ಅದೇ ಸಾಕೆಟ್‌ಗೆ ಕೂರುವ 5700ಎಕ್ಸ್3ಡಿ ಬಂದದ್ದು 2024ರಲ್ಲಿ. ಎ320, ಬಿ350ಯಂಥ ಮೊದಲ ಕಾಲದ ಬೋರ್ಡುಗಳಿಗೂ 2022ರಲ್ಲಿ 5000 ಸರಣಿಗೆ ಬೆಂಬಲ ಸಿಕ್ಕಿತು. ನಿಮ್ಮ ಬೋರ್ಡಿನ ಪೂರ್ತಿ ಹೆಸರು ಹುಡುಕಿ, ತಯಾರಕರ ಜಾಲತಾಣದಲ್ಲಿ ಸಿಪಿಯು ಪಟ್ಟಿ ತೆರೆದು, ಯಾವ ಬಯೋಸ್ (ಬೋರ್ಡನ್ನು ಚಾಲೂ ಮಾಡುವ ಒಳತಂತ್ರಾಂಶ) ಆವೃತ್ತಿಯಿಂದ ಯಾವ ಪ್ರೊಸೆಸರ್ ಓಡುತ್ತದೆ ನೋಡಿಕೊಳ್ಳಿ. ಅಂಗಡಿಯವರ ಬಾಯಿಮಾತು ಸಾಲದು.

2600ರಿಂದ 5600ಕ್ಕೆ ಹೋದರೆ ಕೋರ್ ಅಷ್ಟೇ ಇರುತ್ತದೆ, ಆರು ಕೋರ್, ಹನ್ನೆರಡು ಥ್ರೆಡ್. ಆದರೂ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಯಾಕೆ ಅಂದರೆ, 2600ರಲ್ಲಿ 16 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರುವ ವೇಗದ ಮೆಮೊರಿ) ಇದೆ, ಅದೂ ಎಂಟೆಂಟು ಎಂಬಿಯ ಎರಡು ತುಂಡು. 3600ರಲ್ಲಿ ಒಟ್ಟು 32 ಎಂಬಿ, ಅದೂ ಎರಡು ತುಂಡೇ. ಒಂದು ಗುಂಪಿನ ಕೋರ್‌ಗೆ ಇನ್ನೊಂದು ಗುಂಪಿನ ಕ್ಯಾಶ್‌ನಲ್ಲಿರುವುದು ಬೇಕಾದರೆ ಸುತ್ತಿ ಬರಬೇಕು. 2020ರ 5000 ಸರಣಿಯಲ್ಲಿ ಇದನ್ನು ಒಂದು ಮಾಡಿದರು. 5600ರ ಆರೂ ಕೋರ್‌ಗಳಿಗೆ 32 ಎಂಬಿ ಪೂರ್ತಿಯಾಗಿ ಹತ್ತಿರದಲ್ಲೇ ಸಿಗುತ್ತದೆ. ಗೇಮ್‌ಗಳು ಚಿಕ್ಕ ಚಿಕ್ಕ ಮಾಹಿತಿಗಾಗಿ ಪದೇ ಪದೇ ಕೈಚಾಚುವ ಜಾತಿಯವು, ಆ ಮಾಹಿತಿ ಕ್ಯಾಶ್‌ನಲ್ಲಿ ಇಲ್ಲದಿದ್ದರೆ ರ‍್ಯಾಮ್‌ವರೆಗೆ ಹೋಗಿಬರಬೇಕು, ಅಷ್ಟು ಹೊತ್ತು ಕೋರ್ ಕೆಲಸವಿಲ್ಲದೆ ನಿಂತಿರುತ್ತದೆ.

5800ಎಕ್ಸ್3ಡಿ ಮತ್ತು 5700ಎಕ್ಸ್3ಡಿ ಇದನ್ನೇ ಇನ್ನೂ ಮುಂದೆ ಒಯ್ದವು. ಪ್ರೊಸೆಸರ್ ಚಿಪ್ ಮೇಲೆ ಇನ್ನೊಂದು ಪದರ ಕ್ಯಾಶ್ ಕೂರಿಸಿ ಒಟ್ಟು 96 ಎಂಬಿ ಮಾಡಿದರು. 5700ಎಕ್ಸ್3ಡಿಯ ಗರಿಷ್ಠ ವೇಗ ಬರೀ 4.1 ಗಿಗಾಹರ್ಟ್ಸ್. 5600ರದ್ದು 4.4. ಆದರೂ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಮುಂದಿರುವುದು ಎಕ್ಸ್3ಡಿಯೇ. ಫ್ಲೈಟ್ ಸಿಮ್ಯುಲೇಟರ್, ಕಾರ್ ರೇಸಿಂಗ್ ಸಿಮ್, ನೂರಾರು ಜನ ಒಟ್ಟಿಗೆ ಆಡುವ ಆನ್‌ಲೈನ್ ಗೇಮ್, ಇವುಗಳಲ್ಲಂತೂ ವ್ಯತ್ಯಾಸ ದೊಡ್ಡದು. ಹೊಸದಾಗಿ ಸಿಗುವುದು ಈಗ ಕಷ್ಟ, ಸೆಕೆಂಡ್ ಹ್ಯಾಂಡ್‌ಗೂ ಬೇಡಿಕೆ ಜಾಸ್ತಿ. ಬೆಲೆ ಮಿತಿಯಲ್ಲಿ ಸಿಕ್ಕರೆ ತೆಗೆದುಕೊಳ್ಳಿ, ಇಲ್ಲವಾದರೆ 5600 ಅಥವಾ 5700ಎಕ್ಸ್‌ಗೆ ತೃಪ್ತರಾಗಿ. ವಿಪರೀತ ಬೆಲೆ ಹೇಳಿದರೆ ಬಿಟ್ಟುಬಿಡಿ, ಆ ದುಡ್ಡು ಹೊಸ ಸಾಕೆಟ್ ಕಡೆ ಹೋಗಲಿ.

ಅಂಕಿ ನೋಡಿ ಮರುಳಾಗಬೇಡಿ

5500 ಮತ್ತು 5600ರ ನಡುವೆ ಹೆಸರಿನಲ್ಲಿ ನೂರರ ಅಂತರ. ಒಳಗೆ 5500ರಲ್ಲಿ ಕ್ಯಾಶ್ ಅರ್ಧ, 16 ಎಂಬಿ, ಗ್ರಾಫಿಕ್ಸ್ ಕಾರ್ಡ್ ಜೋಡಿಸುವ ಪಿಸಿಐಇ ಕೂಡ ಹಳೇ 3.0ಕ್ಕೇ ನಿಂತಿದೆ. ಹಾಗೇ ಎಎಂ4ರ ನಂತರದ ಎಎಂ5 ಸಾಕೆಟ್‌ನ ರೈಜನ್‌ಗಳಲ್ಲಿ 2024ರ 8400ಎಫ್, 2023ರ 7500ಎಫ್‌ಗಿಂತ ಹೊಸದು, ಅಂಕಿಯೂ ದೊಡ್ಡದು. ಆದರೆ ಅದರಲ್ಲಿರುವುದು 16 ಎಂಬಿ, 7500ಎಫ್‌ನಲ್ಲಿ 32. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇಟ್ಟು ಗೇಮ್ ಆಡುವವರಿಗೆ ಹಳೇ 7500ಎಫ್‌ ವಾಸಿ. ಇಂಟೆಲ್ ಕಡೆ ನೋಡಿದರೆ ಐ5 14400ಎಫ್ ಅನ್ನುವುದು 13400ಎಫ್‌ಗೆ 0.1 ಗಿಗಾಹರ್ಟ್ಸ್ ಸೇರಿಸಿದ ರೂಪ, ಹಾಗಾಗಿ ಎರಡರಲ್ಲಿ ಅಗ್ಗ ಯಾವುದೋ ಅದು.

ಇನ್ನೊಂದು ಎಚ್ಚರ. 5600, 5700ಎಕ್ಸ್3ಡಿ, ಹೆಸರಿನ ಕೊನೆಗೆ ಎಫ್ ಇರುವವು, ಯಾವುದರಲ್ಲೂ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಕೆಟ್ಟ ದಿನ ಪರದೆಯೇ ಬರುವುದಿಲ್ಲ. ಅದೇ ಪಿಸಿಯಲ್ಲಿ ಓದು, ಕೆಲಸ ಎಲ್ಲಾ ನಡೆಯುತ್ತಿದ್ದರೆ 7500ಎಫ್ ಬದಲು ಸ್ವಲ್ಪ ಜಾಸ್ತಿ ಕೊಟ್ಟು 7600 ತೆಗೆದುಕೊಳ್ಳಿ.

ಇಂಟೆಲ್‌ನವರಿಗೆ

8, 9ನೇ ತಲೆಮಾರಿನ ಬೋರ್ಡ್ ಇದ್ದರೆ ಸೆಕೆಂಡ್ ಹ್ಯಾಂಡ್ ಐ7, ಐ9 ಹುಡುಕುವುದು ನನಗೆ ಸರಿ ಕಾಣುವುದಿಲ್ಲ, ಆ ಬೋರ್ಡಿನ ದಾರಿ ಅಲ್ಲಿಗೇ ಮುಗಿಯಿತು. 12ನೇ ತಲೆಮಾರಿನ ಐ3 ಇದ್ದರೆ ಕತೆ ಬೇರೆ. ಅದೇ ಬೋರ್ಡಿಗೆ, ಬಯೋಸ್ ಅಪ್‌ಡೇಟ್ ಮಾಡಿಕೊಂಡು, 13, 14ನೇ ತಲೆಮಾರಿನ ಐ5 ಹಾಕಬಹುದು. ಆದರೆ ಈ ಎರಡು ತಲೆಮಾರಿನ ಹೆಚ್ಚು ವಿದ್ಯುತ್ ಎಳೆಯುವ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಹಾಳಾಗುವ ತೊಂದರೆ ಇತ್ತು. ಇಂಟೆಲ್ 2024ರಲ್ಲಿ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳ ಆದೇಶಗಳು) ತಿದ್ದುಪಡಿ ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆ ತಿದ್ದುಪಡಿ ಮುಂದೆ ಆಗುವುದನ್ನು ತಡೆಯುತ್ತದೆ, ಆಗಲೇ ಹಾಳಾದದ್ದನ್ನು ಸರಿಮಾಡುವುದಿಲ್ಲ. ಅದಕ್ಕೇ ಇವುಗಳ ಐ7, ಐ9 ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ ಅನ್ನುತ್ತೇನೆ.

ರೈಜನ್ 1000 ಸರಣಿ, ಇಂಟೆಲ್ 7ನೇ ತಲೆಮಾರು ಅಥವಾ ಅದಕ್ಕೂ ಹಳೇದು ಇಟ್ಟುಕೊಂಡವರಿಗೆ ವೇಗದ ಹೊರತಾಗಿಯೂ ಒಂದು ಕಾರಣ ಇದೆ: ವಿಂಡೋಸ್ 11ರ ಪಟ್ಟಿಯಲ್ಲಿ ಅವು ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಪೂರ್ತಿ ಹೊಸದಕ್ಕೆ ಯಾವಾಗ ಹೋಗಬೇಕು

ಬೋರ್ಡ್ ಕೆಟ್ಟಿದ್ದರೆ, ಹಳೇ ಬೋರ್ಡಿಗೆ ಕೂರುವ ಒಳ್ಳೆಯದು ಯಾವುದೂ ಇಲ್ಲದಿದ್ದರೆ, ಅಥವಾ 144 ಹರ್ಟ್ಸ್‌ಗೂ ಮೇಲಿನ ಮಾನಿಟರ್ ಇಟ್ಟು ಕೌಂಟರ್-ಸ್ಟ್ರೈಕ್ 2, ವ್ಯಾಲರಂಟ್‌ನಂಥವನ್ನು ಗಂಭೀರವಾಗಿ ಆಡುವವರಾದರೆ. ನನ್ನ ಆಯ್ಕೆ ಎಎಂ5. 2022ರಲ್ಲಿ ಬಂದ ಈ ಸಾಕೆಟ್‌ಗೆ 2027ರವರೆಗೂ, ಅದರ ಆಚೆಗೂ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ಈಗ 7500ಎಫ್ ಅಥವಾ 7600 ಹಾಕಿ, ಮೂರ್ನಾಲ್ಕು ವರ್ಷ ಬಿಟ್ಟು 7800ಎಕ್ಸ್3ಡಿಯೋ 9800ಎಕ್ಸ್3ಡಿಯೋ ಅಗ್ಗಕ್ಕೆ ಸಿಕ್ಕಾಗ ಅದೇ ಬೋರ್ಡಿಗೆ ಕೂರಿಸಬಹುದು. 2024ರ ಕೊನೆಗೆ ಬಂದ ಇಂಟೆಲ್ ಕೋರ್ ಅಲ್ಟ್ರಾ 200 ಸರಣಿ, ಬಿಡುಗಡೆಯಾದಾಗ ಎಷ್ಟೋ ಗೇಮ್‌ಗಳಲ್ಲಿ ತನ್ನದೇ ಹಿಂದಿನ ತಲೆಮಾರಿಗಿಂತ ಹಿಂದೆ ಬಿತ್ತು.

ಆದರೆ ಎಎಂ5ಗೆ ಡಿಡಿಆರ್5 ಮಾತ್ರ ಆಗುತ್ತದೆ, ನಿಮ್ಮ ಡಿಡಿಆರ್4 ಅಲ್ಲಿ ಕೂರುವುದೇ ಇಲ್ಲ. ಎಐ ಸರ್ವರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು, ಹಾಗಾಗಿ ಈ ಲೆಕ್ಕ ಇನ್ನೂ ಭಾರ. ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿರಿ. ಒಂದರಲ್ಲಿ ಹಳೇ ಬೋರ್ಡಿಗೆ ಕೂರುವ ಪ್ರೊಸೆಸರ್‌ನ ಬೆಲೆ. ಇನ್ನೊಂದರಲ್ಲಿ ಹೊಸ ಪ್ರೊಸೆಸರ್, ಬೋರ್ಡ್, ರ‍್ಯಾಮ್, ಬೇಕಾದರೆ ಕೂಲರ್, ಎಲ್ಲದರ ಒಟ್ಟು ಬೆಲೆ. ಮೊದಲನೆಯದು ಎರಡನೆಯದರ ಮೂರನೇ ಒಂದು ಭಾಗದಷ್ಟೇ ಆದರೆ ನಾನು ಯೋಚನೆಯೇ ಮಾಡದೆ ಮೊದಲನೆಯದಕ್ಕೆ ಹೋಗುತ್ತೇನೆ, ಉಳಿದ ದುಡ್ಡಲ್ಲಿ ಗ್ರಾಫಿಕ್ಸ್ ಕಾರ್ಡ್ ನೋಡಬಹುದು ಅಲ್ವಾ. ಅರ್ಧಕ್ಕಿಂತ ಜಾಸ್ತಿಯಾದರೆ ಹೊಸದು.

ಕೊಳ್ಳುವಾಗ, ಕೂರಿಸುವಾಗ

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಳ್ಳುವವರು ನಾಲ್ಕು ಅಂಗಡಿ ಸುತ್ತಿ. ಬಾಕ್ಸ್ ಪೀಸಾ, ಟ್ರೇ ಪೀಸಾ (ಡಬ್ಬಿಯಿಲ್ಲದೆ ಬಿಡಿಯಾಗಿ ಬರುವುದು) ಅಂತ ಕೇಳಿ. ಬಾಕ್ಸ್‌ನದಕ್ಕೆ ತಯಾರಕರ ವಾರಂಟಿ ಇರುತ್ತದೆ, ಟ್ರೇಯದಕ್ಕೆ ಹೆಚ್ಚಾಗಿ ಅಂಗಡಿಯವರ ಮಾತೇ ವಾರಂಟಿ. ಜಿಎಸ್‌ಟಿ ಬಿಲ್ ಇಲ್ಲದೆ ತೆಗೆದುಕೊಳ್ಳಬೇಡಿ. ಸೆಕೆಂಡ್ ಹ್ಯಾಂಡ್ ಎಎಂ4 ಆದರೆ ಮೊಬೈಲ್ ಟಾರ್ಚ್ ಹಿಡಿದು ಪಿನ್‌ಗಳ ಸಾಲು ನೋಡಿ, ಒಂದೂ ಬಾಗಿರಬಾರದು. ಅವರ ಮುಂದೆಯೇ ಬೋರ್ಡಿಗೆ ಹಾಕಿಸಿ, ಸಿಪಿಯು-ಝೆಡ್‌ನಲ್ಲಿ ಹೆಸರು ನೋಡಿ, ಪ್ರೊಸೆಸರ್‌ಗೆ ಪೂರ್ತಿ ಭಾರ ಹಾಕುವ ಸಿನಿಬೆಂಚ್ ಹತ್ತು ನಿಮಿಷ ಓಡಿಸಿ.

ಬಯೋಸ್ ಅಪ್‌ಡೇಟ್ ಅನ್ನು ಹಳೇ ಪ್ರೊಸೆಸರ್ ಇರುವಾಗಲೇ ಮಾಡಿ ಮುಗಿಸಬೇಕು. ಹೊಸದನ್ನು ಹಾಕಿದ ಮೇಲೆ ನೆನಪಾದರೆ ಪರದೆಯೇ ಬರಲಿಕ್ಕಿಲ್ಲ. ನಡುವೆ ಕರೆಂಟ್ ಹೋದರೆ ಬೋರ್ಡೇ ಸಾಯಬಹುದು, ಅದಕ್ಕೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಮಳೆಗಾಲದಲ್ಲಂತೂ ಬೇಡ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಬದಲಾದಾಗ ವಿಂಡೋಸ್ ಅದನ್ನು ಕೇಳಬಹುದು.

ಎಎಂ4 ಕೂಲರ್ ತೆಗೆಯುವ ಮುನ್ನ ಹತ್ತು ನಿಮಿಷ ಗೇಮ್ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಆ ಕಡೆ ಈ ಕಡೆ ನಿಧಾನವಾಗಿ ತಿರುಗಿಸಿ ಎತ್ತಿ. ಸೀದಾ ಮೇಲಕ್ಕೆ ಎಳೆದರೆ ಪ್ರೊಸೆಸರ್ ಕೂಲರ್‌ಗೇ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುವುದು ಆಗಲೇ. ಎಎಂ5ರಲ್ಲಿ ಪಿನ್‌ಗಳು ಬೋರ್ಡಿನಲ್ಲಿವೆ, ಸಾಕೆಟ್ ಒಳಗೆ ಬೆರಳು ಹಾಕಬೇಡಿ. ಅಲ್ಲಿ ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಕೆಲವು ನಿಮಿಷ ಬೇಕಾಗಬಹುದು, ಪರದೆ ಕಪ್ಪಾಗಿರುತ್ತದೆ. ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ, ಕಾಯಿರಿ.

ಪರದೆ ಬಂದ ಮೇಲೆ ಬಯೋಸ್‌ಗೆ ಹೋಗಿ, ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಅಪ್‌ಡೇಟ್ ಆದಾಗ ಅದು ಆಫ್ ಆಗಿರುತ್ತದೆ, 3200ರ ರ‍್ಯಾಮ್ 2133ಕ್ಕೋ 2400ಕ್ಕೋ ಇಳಿದು ಕೂತಿರುತ್ತದೆ.