ಓಬವ್ವನ ಪುಟ್ಟ ಬೊಂಬೆಗೆ ಬಣ್ಣ ಹಚ್ಚೋದು ಹೇಗೆ?

ರೆಸಿನ್‌ನಲ್ಲಿ (ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) 3ಡಿ ಪ್ರಿಂಟ್ ಆದ ಒನಕೆ ಓಬವ್ವ ಕೈಗೆ ಬಂದ ಕೂಡಲೇ ಬಣ್ಣ ತೆರೆಯಬೇಡಿ. ಗ್ಲೌಸ್ ಹಾಕಿಕೊಂಡು ಮುಟ್ಟಿ ನೋಡಿ. ಇನ್ನೂ ಅಂಟಂಟಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಪ್ರಿಂಟ್ ಆಗುವಾಗ ಬೊಂಬೆಯನ್ನು ಹಿಡಿದಿದ್ದ ಆಧಾರದ ಕಡ್ಡಿಗಳನ್ನು ಕೀಳದೆ ಕಟರ್‌ನಿಂದ ಕತ್ತರಿಸಿ, ಆಮೇಲೆ ನಮ್ಮ ಚಿತ್ರದುರ್ಗದ ಬಿಸಿಲಲ್ಲಿ ಎಲ್ಲ ಕಡೆ ತಿರುಗಿಸಿ ಇಡಿ, ಗಟ್ಟಿಯಾಗುತ್ತದೆ. ಉಳಿದ ಮೊನೆಗಳನ್ನು 400 ನಂಬರ್ ಸ್ಯಾಂಡ್‌ಪೇಪರ್ ಒದ್ದೆ ಮಾಡಿ ಉಜ್ಜಿ. ಒಣ ಪುಡಿ ಉಸಿರಿಗೆ ಒಳ್ಳೆಯದಲ್ಲ, ಮಾಸ್ಕ್ ಇರಲಿ.

ಒನಕೆ ಬಾಗಿದೆಯಾ? ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೆಲ್ಲಗೆ ನೇರ ಮಾಡಿ, ತಣ್ಣೀರಿಗೆ ಹಾಕಿ. ಕೈಗೆ ಅಂಟಿಸಲು ಸೂಪರ್ ಗ್ಲೂ ಒಂದೇ ಹನಿ ಸಾಕು, ಜಾಸ್ತಿಯಾದರೆ ಬೆರಳ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಮೊದಲು ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಹಚ್ಚುವ ತಳದ ಲೇಪ, ತೆಳ್ಳಗೆ. ಆಮೇಲೆ ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ ಎರಡು ಸಲ ಹಚ್ಚಿ. ಕೊನೆಗೆ ಸೀರೆಯ ನೆರಿಗೆಗಳ ಸಂದಿಗೆ ತುಂಬಾ ತೆಳುವಾದ ಕಪ್ಪು ಬಣ್ಣ ಇಳಿಬಿಡಿ, ನೆರಿಗೆ ಒಂದೊಂದೂ ಎದ್ದು ಕಾಣುತ್ತದೆ. ನನಗೆ ಅತಿ ಇಷ್ಟದ ಕೆಲಸ ಇದೇ.