ಟ್ರೈಲರ್ ಬಂತು, ಈಗ ನಿಲ್ಲಿಸುವುದೆಲ್ಲಿ?

ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಟ್ರಾವೆಲ್ ಟ್ರೈಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ) ಕೊಂಡ ಮರುದಿನವೇ ಶುರುವಾಗುವ ಮಾತು ಯೊಸೆಮಿಟಿ ಅಥವಾ ಯೆಲ್ಲೊಸ್ಟೋನ್. ಆಸೆ ಸರಿ. ಆದರೆ ಯೊಸೆಮಿಟಿಯ ಒಂದೇ ಒಂದು ಕ್ಯಾಂಪ್‌ಗ್ರೌಂಡ್‌ನಲ್ಲೂ ಹುಕಪ್ ಇಲ್ಲ. ಕರೆಂಟ್ ಇಲ್ಲ, ನಿಮ್ಮ ಜಾಗದವರೆಗೆ ನೀರಿನ ನಲ್ಲಿ ಇಲ್ಲ, ಕೊಳೆನೀರಿನ ಪೈಪೂ ಇಲ್ಲ. ಚಿಕ್ಕ ಮಕ್ಕಳು, ಹೊಸ ಟ್ರೈಲರ್, ಏನೂ ಗೊತ್ತಿಲ್ಲದ ನೀವು, ಈ ಮೂರೂ ಸೇರಿ ಅಲ್ಲಿಗೆ ಹೋದರೆ ರಜೆ ಮಜವಾಗಿರುವುದಿಲ್ಲ. ಮೊದಲ ಕೆಲವು ಸಲ ಊರಿನ ಹೆಸರು ನೋಡಿ ಜಾಗ ಹುಡುಕಬೇಡಿ, ನಿಮ್ಮ ಟ್ರೈಲರ್‌ಗೆ ಏನು ಬೇಕು ಅಂತ ನೋಡಿ ಹುಡುಕಿ.

ಮೊದಲು ಟೇಪ್ ಹಿಡಿದು ಅಳೆಯಿರಿ

ಮಾಡೆಲ್ ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬಬೇಡಿ. ಮುಂದಿನ ಹಿಚ್‌ನಿಂದ (ಗಾಡಿಗೆ ಸಿಕ್ಕಿಸುವ ಕೊಂಡಿ) ಹಿಂದಿನ ಬಂಪರ್‌ವರೆಗೆ ಅಳೆದರೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿಯೇ ಬರುತ್ತದೆ. ಎಳೆಯುವ ಗಾಡಿಯ ಉದ್ದವನ್ನೂ ಬೇರೆಯಾಗಿ ಬರೆದಿಟ್ಟುಕೊಳ್ಳಿ, ಯಾಕೆಂದರೆ ಕೆಲವು ಕಡೆ ಹೇಳುವ ಅಳತೆ ಟ್ರೈಲರ್‌ದು ಮಾತ್ರ, ಕೆಲವು ಕಡೆ ಎರಡೂ ಸೇರಿ. ಗೋಡೆಯಿಂದ ಹೊರಗೆ ಚಾಚುವ ಸ್ಲೈಡ್ ಇದ್ದರೆ ಅದು ಯಾವ ಪಕ್ಕಕ್ಕೆ, ಎಷ್ಟು ಅಡಿ ಅನ್ನುವುದೂ ಬೇಕು.

ಆಮೇಲೆ ಪ್ಲಗ್ ನೋಡಿ. ಮೂರು ಪಿನ್ ಇದ್ದರೆ 30 ಆಂಪ್, ನಾಲ್ಕು ಇದ್ದರೆ 50 ಆಂಪ್. ಹೆಸರಿನಲ್ಲಿ ಕಾಣುವಷ್ಟು ಸಣ್ಣ ವ್ಯತ್ಯಾಸವಲ್ಲ ಇದು: 30 ಆಂಪ್‌ನಲ್ಲಿ ಸಿಗುವುದು 3,600 ವ್ಯಾಟ್, 50 ಆಂಪ್‌ನಲ್ಲಿ 12,000 ವ್ಯಾಟ್, ಯಾಕೆಂದರೆ ಅದರಲ್ಲಿ 120 ವೋಲ್ಟ್‌ನ ಎರಡು ಲೈನ್‌ಗಳಿರುತ್ತವೆ. ನಮ್ಮ ಅಡುಗೆಗೆ ಈ ಲೆಕ್ಕ ಮುಖ್ಯ. 1,800 ವ್ಯಾಟ್‌ನ ಇಂಡಕ್ಷನ್ ಒಲೆ ಒಂದೇ 15 ಆಂಪ್ ಎಳೆಯುತ್ತದೆ. ಮೇಲೆ ಎಸಿ ಓಡುತ್ತಿದ್ದರೆ ಅದಕ್ಕೂ ಹೆಚ್ಚುಕಡಿಮೆ ಅಷ್ಟೇ ಬೇಕು. 30 ಆಂಪ್ ಅಲ್ಲಿಗೇ ಮುಗಿಯಿತು, ಇನ್ನು ಯಾರಾದರೂ ಮೈಕ್ರೋವೇವ್ ಒತ್ತಿದರೆ ಬ್ರೇಕರ್ ಬೀಳುವುದು ಖಂಡಿತ. ಅನ್ನ ಆಗುವ ತನಕ ಎಸಿ ಆರಿಸಿ, ಇಲ್ಲವೇ ಗ್ಯಾಸ್ ಒಲೆಯ ಮೇಲೆ ಕುಕ್ಕರ್ ಇಡಿ. (ಊರಿನಿಂದ ತಂದ 230 ವೋಲ್ಟ್ ಮಿಕ್ಸಿಯನ್ನು ಮನೆಯಲ್ಲೇ ಬಿಟ್ಟು ಹೋಗಿ, ಚಟ್ನಿ ಮಾಡಿಕೊಂಡೇ ಹೊರಡಿ.)

ಯಾವ ಹುಕಪ್ ಬೇಕು?

ಕರೆಂಟ್, ನೀರು, ಕೊಳೆನೀರಿನ ಪೈಪ್ ಮೂರೂ ಇದ್ದರೆ ಫುಲ್ ಹುಕಪ್. ಮೂರರಲ್ಲಿ ಯಾವುದಾದರೂ ಇಲ್ಲದಿದ್ದರೆ ಪಾರ್ಷಿಯಲ್, ಮತ್ತು ಯಾವುದು ಇಲ್ಲ ಅನ್ನುವುದನ್ನು ಬಿಡಿಸಿ ಓದಬೇಕು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಹತ್ತಿರದ ಡೆಲ್ ವ್ಯಾಲೆ ಕ್ಯಾಂಪ್‌ಗ್ರೌಂಡ್‌ನಲ್ಲಿ ಕೆಲವು ಜಾಗಗಳಿಗೆ ನೀರಿದೆ, ಕೊಳೆನೀರಿನ ಪೈಪಿದೆ, ಆದರೆ ಕರೆಂಟ್ ಇಲ್ಲ. ಬೇಸಿಗೆಯಲ್ಲಿ ಎಸಿ ನೆಚ್ಚಿಕೊಂಡು ಹೋದವರ ಗತಿ ಏನು ಅಲ್ವಾ?

ನನ್ನನ್ನು ಕೇಳಿದರೆ ಎರಡು ಮೂರು ದಿನಕ್ಕೆ ನೀರು ಮತ್ತು ಕರೆಂಟ್ ಸಾಕು, ಹೊರಡುವಾಗ ಡಂಪ್ ಸ್ಟೇಷನ್‌ನಲ್ಲಿ ಟ್ಯಾಂಕ್ ಖಾಲಿ ಮಾಡಬಹುದು. ಆದರೆ ಮನೆಯಲ್ಲಿ ಐದಾರು ಜನ, ಜೊತೆಗೆ ಊರಿಂದ ಬಂದ ಅಪ್ಪ ಅಮ್ಮ, ಎಲ್ಲರಿಗೂ ದಿನಾ ಸ್ನಾನ ಆಗಲೇಬೇಕು ಅನ್ನುವವರು ಸುಮ್ನೆ ಫುಲ್ ಹುಕಪ್ ತೆಗೆದುಕೊಳ್ಳಿ. ಹಾಗೆ ತೆಗೆದುಕೊಂಡರೂ ಶೌಚದ ಟ್ಯಾಂಕಿನ ವಾಲ್ವ್ ಮುಚ್ಚಿಯೇ ಇರಲಿ. ತೆರೆದಿಟ್ಟರೆ ನೀರೆಲ್ಲ ಹರಿದು ಹೋಗಿ ಗಟ್ಟಿ ಭಾಗ ಒಳಗೇ ಕೂರುತ್ತದೆ. ಮುಕ್ಕಾಲು ಪಾಲು ತುಂಬಿದ ಮೇಲೆ ಅದನ್ನು ಮೊದಲು ಬಿಡಿ, ಪಾತ್ರೆ ತೊಳೆದ ಮತ್ತು ಸ್ನಾನದ ನೀರನ್ನು ಆಮೇಲೆ ಬಿಡಿ. ಪೈಪ್ ತನ್ನಷ್ಟಕ್ಕೇ ತೊಳೆದುಹೋಗುತ್ತದೆ.

ಹುಡುಕುವ ಜಾಗಗಳು

ಮೊದಲ ಸಲಕ್ಕೆ ಮನೆಯಿಂದ ಒಂದೆರಡು ಗಂಟೆಯ ದೂರ ಸಾಕು. ಏನಾದರೂ ಮರೆತರೆ, ಮಗುವಿಗೆ ಜ್ವರ ಬಂದರೆ, ವಾಪಸ್ ಬರಬಹುದು.

ಖಾಸಗಿ ಪಾರ್ಕ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಕೆಓಎ (ಕ್ಯಾಂಪ್‌ಗ್ರೌಂಡ್ಸ್ ಆಫ್ ಅಮೆರಿಕ). 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಶುರುವಾದದ್ದು. ಅದರಲ್ಲಿ ಜರ್ನಿ, ಹಾಲಿಡೇ, ರೆಸಾರ್ಟ್ ಅಂತ ಮೂರು ಬಗೆ ಇವೆ. ಜರ್ನಿ ಅಂದರೆ ದಾರಿಯಲ್ಲಿ ಒಂದು ರಾತ್ರಿ ಉಳಿಯಲು, ಮಕ್ಕಳ ಜೊತೆ ವಾರಾಂತ್ಯ ಕಳೆಯಲು ಹಾಲಿಡೇ ಅಥವಾ ರೆಸಾರ್ಟ್ ನೋಡಿ. ಯೋಗಿ ಬೇರ್ ಹೆಸರಿನ ಜೆಲ್ಲಿಸ್ಟೋನ್ ಪಾರ್ಕ್‌ಗಳು ಪೂರಾ ಮಕ್ಕಳಿಗಾಗಿಯೇ ಇರುವಂಥವು. ದೊಡ್ಡವರಿಗೆ ನಿಶ್ಶಬ್ದ ಬೇಕಿದ್ದರೆ ಅಲ್ಲಿಗೆ ಹೋಗಬೇಡಿ.

ಜನ ಮರೆಯುವುದು ಸರ್ಕಾರಿ ಜಾಗಗಳನ್ನು. ಡಲ್ಲಾಸ್ ಕಡೆಯವರಿಗೆ ಸೀಡರ್ ಹಿಲ್ ಸ್ಟೇಟ್ ಪಾರ್ಕ್ ನಗರದ ಪಕ್ಕದಲ್ಲೇ ಇದೆ, ಕೆರೆ ಇದೆ, ಹುಕಪ್ ಇದೆ. ಬೇ ಏರಿಯಾದವರು ಕೌಂಟಿ ಪಾರ್ಕ್ ನೋಡಿ, ಮೌಂಟ್ ಮಡೋನಾದಲ್ಲಿ ಪಾರ್ಷಿಯಲ್ ಹುಕಪ್ ಸಿಗುತ್ತದೆ. ಇನ್ನು ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಅಣೆಕಟ್ಟು ಕಟ್ಟಿದ ಕೆರೆಗಳ ದಂಡೆಯಲ್ಲಿ ನಡೆಸುವ ಕ್ಯಾಂಪ್‌ಗ್ರೌಂಡ್‌ಗಳು. ನನ್ನ ಮಟ್ಟಿಗೆ ಹೊಸಬರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅಟ್ಲಾಂಟಾ ಹತ್ತಿರದ ಲೇಕ್ ಲನಿಯರ್‌ನಲ್ಲಿ ಇಂಥವು ಇವೆ. ಹೆಚ್ಚಿನ ಕಡೆ ನೀರು ಕರೆಂಟ್ ಇರುತ್ತದೆ, ಜಾಗ ವಿಶಾಲ, ಬೆಲೆ ಖಾಸಗಿ ಪಾರ್ಕ್‌ಗಿಂತ ಕಡಿಮೆ. ಬುಕಿಂಗ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ. ಮನೆಯಲ್ಲಿ 62 ತುಂಬಿದವರಿದ್ದು, ಅವರಿಗೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದರೆ ಫೆಡರಲ್ ಸರ್ಕಾರದ ಸೀನಿಯರ್ ಪಾಸ್ ಮಾಡಿಸಿ. ಇಂಥ ಎಷ್ಟೋ ಕಡೆ ಬಾಡಿಗೆ ಅರ್ಧ ಆಗುತ್ತದೆ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಈ ಪಾಸ್ ಸಿಗುವುದಿಲ್ಲ, ಸ್ಟೇಟ್ ಪಾರ್ಕ್‌ನಲ್ಲಿ ನಡೆಯುವುದೂ ಇಲ್ಲ.

ನ್ಯಾಷನಲ್ ಪಾರ್ಕೇ ಬೇಕು ಅನ್ನುವವರಿಗೆ ದಾರಿ ಇಲ್ಲದಿಲ್ಲ. ಯೆಲ್ಲೊಸ್ಟೋನ್‌ನಲ್ಲಿ ಫಿಶಿಂಗ್ ಬ್ರಿಜ್ ಒಂದರಲ್ಲಿ ಮಾತ್ರ ಫುಲ್ ಹುಕಪ್ ಇದೆ. ಅಲ್ಲಿ ಗ್ರಿಜ್ಲಿ ಕರಡಿಗಳ ಓಡಾಟ, ಹಾಗಾಗಿ ಬಟ್ಟೆ ಗೋಡೆಯ ಪಾಪ್ಅಪ್ ಕ್ಯಾಂಪರ್‌ಗಳನ್ನು ಬಿಡುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್‌ನಲ್ಲಿ ಟ್ರೈಲರ್ ವಿಲೇಜ್ ಇದೆ. ಝಯಾನ್‌ನ ವಾಚ್‌ಮನ್‌ನಲ್ಲಿ ಕೆಲವು ಜಾಗಕ್ಕೆ ಕರೆಂಟ್ ಮಾತ್ರ.

ತಾರೀಖು ಗುರುತು ಹಾಕಿಡಿ

ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕ್‌ಗಳು ಸಾಮಾನ್ಯವಾಗಿ ಆರು ತಿಂಗಳ ಮುಂಚೆ ಬೆಳಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತವೆ, ಟೆಕ್ಸಾಸ್‌ನಲ್ಲಿ ಐದು ತಿಂಗಳು. ಫ್ಲೋರಿಡಾದಲ್ಲಿ ಅಲ್ಲಿನವರಿಗೆ 11 ತಿಂಗಳು, ಹೊರಗಿನವರಿಗೆ 10. ಮೆಮೋರಿಯಲ್ ಡೇ, ಲೇಬರ್ ಡೇ ವಾರಾಂತ್ಯವಾದರೆ ಅದೇ ನಿಮಿಷಕ್ಕೆ ಕೂತಿರಬೇಕು. ತಪ್ಪಿದರೆ ಬೇಸರ ಬೇಡ, ಹೊರಡುವ ದಿನ ಹತ್ತಿರ ಬಂದಂತೆ ಕ್ಯಾನ್ಸಲ್ ಮಾಡುವವರು ಜಾಸ್ತಿ. ಜಾಗ ಖಾಲಿಯಾದರೆ ತಿಳಿಸುವ ಅಲರ್ಟ್ ಹಾಕಿಡಿ.

ಹುಡುಕುವಾಗ ಫಿಲ್ಟರ್‌ನಲ್ಲಿ ಉದ್ದ, ಆಂಪ್ ಜೊತೆ ಪುಲ್-ಥ್ರೂ ಅಂತಲೂ ಹಾಕಿ. ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುವ ಜಾಗ ಅದು. ಟ್ರೈಲರ್ ರಿವರ್ಸ್ ತೆಗೆಯುವುದನ್ನು ಮಾಲ್‌ನ ಖಾಲಿ ಪಾರ್ಕಿಂಗ್‌ನಲ್ಲಿ ಕಲಿಯಿರಿ, ಕತ್ತಲಲ್ಲಿ ಅಳುವ ಮಕ್ಕಳ ಎದುರು ಬೇಡ.

ದುಡ್ಡು ಕಟ್ಟುವ ಮುಂಚೆ ಉಪಗ್ರಹ ಚಿತ್ರ ತೆಗೆದು ನೋಡಿ. ಹೆದ್ದಾರಿ ಎಷ್ಟು ಹತ್ತಿರ? ರೈಲು ಹಳಿ ಇದೆಯಾ? ಕೆರೆ, ಹೊಳೆ ಪಕ್ಕದಲ್ಲೇ ಇದ್ದರೆ ಪುಟ್ಟ ಮಕ್ಕಳಿರುವವರು ಇನ್ನೊಂದು ಸಾಲಿನ ಜಾಗ ಆರಿಸಿ. ಕ್ಯಾಂಪೆಂಡಿಯಂ, ದ ಡರ್ಟ್‌ನಂಥ ಆ್ಯಪ್‌ಗಳಲ್ಲಿ ಇತ್ತೀಚಿನ ಅಭಿಪ್ರಾಯಗಳನ್ನಷ್ಟೇ ಓದಿ. ಶೌಚಾಲಯ, ನೀರಿನ ಒತ್ತಡ, ಮೊಬೈಲ್ ಸಿಗ್ನಲ್ ಬಗ್ಗೆ ಏನು ಹೇಳಿದ್ದಾರೆ ಅನ್ನುವುದು ಸ್ಟಾರ್‌ಗಳಿಗಿಂತ ಮುಖ್ಯ.

ಆಮೇಲೆ ಆಫೀಸಿಗೆ ಒಂದು ಫೋನ್ ಮಾಡಿ. ಈಜುಕೊಳ ಈಗ ತೆರೆದಿದೆಯಾ, ತಿಂಗಳುಗಟ್ಟಲೆ ಇರುವವರ ಸಾಲು ಬೇರೆ ಇದೆಯಾ, ಒಂದು ಜಾಗಕ್ಕೆ ಎಷ್ಟು ಜನ ಬರಬಹುದು ಅಂತ ಕೇಳಿ. ಈ ಕೊನೆಯದನ್ನು ನಮ್ಮವರು ಕೇಳಲೇಬೇಕು, ಯಾಕೆಂದರೆ ನಾಲ್ಕು ಮನೆಯವರು ಒಟ್ಟಿಗೆ ಹೋಗಿ ಒಂದೇ ಟ್ರೈಲರ್ ಎದುರು ಇಪ್ಪತ್ತು ಜನ ಕೂರುವುದು ನಮಗೆ ಮಾಮೂಲು. ಎಷ್ಟೋ ಕಡೆ ಮಿತಿ ಆರೋ ಎಂಟೋ ಜನ. ರಾತ್ರಿ 10ರ ನಂತರ ಸದ್ದು ಮಾಡುವಂತಿಲ್ಲ ಅನ್ನುವ ನಿಯಮ ಬಹುತೇಕ ಎಲ್ಲ ಕಡೆ ಇದೆ, ಅಂತ್ಯಾಕ್ಷರಿ ಊಟಕ್ಕೆ ಮುಂಚೆ ಮುಗಿಸಿ.

ಕುಡಿಯುವ ನೀರಿಗೇ ಅಂತ ಸಿಗುವ ಪೈಪ್, ನೀರಿನ ಒತ್ತಡ ಇಳಿಸುವ ರೆಗ್ಯುಲೇಟರ್, ಕರೆಂಟ್ ಏಕಾಏಕಿ ಏರಿದರೆ ಕಾಪಾಡುವ ಸರ್ಜ್ ಪ್ರೊಟೆಕ್ಟರ್, 50ರಿಂದ 30 ಆಂಪ್‌ಗೆ ಇಳಿಸುವ ಅಡಾಪ್ಟರ್, ಕೈಗವಸು ಇವಿಷ್ಟು ಗಾಡಿಯಲ್ಲಿರಲಿ. ಬೆಳಕಿರುವಾಗಲೇ ತಲುಪಿ. ಚಕ್ರಕ್ಕೆ ಅಡ್ಡ ಕೊಟ್ಟ ಮೇಲಷ್ಟೇ ಹಿಚ್ ಬಿಚ್ಚಿ. ಕರೆಂಟ್ ಕಂಬದ ಬ್ರೇಕರ್ ಆಫ್ ಇದೆಯಾ ನೋಡಿ ಪ್ಲಗ್ ಹಾಕಿ, ಆಮೇಲೆ ಆನ್ ಮಾಡಿ.